ಕುಂಬಳಕಾಯಿಗೆ ಚಾಕು ಹಾಕುವ ಮೊದಲು: ಪುಟ್ಟ ಮಕ್ಕಳಿರುವ ಮನೆಗೆ ಯಾವ ಹ್ಯಾಲೋವೀನ್ ಕೆತ್ತನೆ ಸರಿ?

ಅಮೆರಿಕದಲ್ಲಿ ಅಕ್ಟೋಬರ್ 31 ಅಂದರೆ ಹ್ಯಾಲೋವೀನ್: ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಮಿಠಾಯಿ ಕೇಳಲು ಹೋಗುತ್ತಾರೆ, ಬಾಗಿಲ ಮುಂದೆ ಮುಖ ಕೆತ್ತಿ ದೀಪವಿಟ್ಟ ಕುಂಬಳಕಾಯಿ ಕೂರುತ್ತದೆ. ನ್ಯೂಜೆರ್ಸಿಯ ನಮ್ಮ ಕಡೆಯ ಕನ್ನಡದವರ ದಸರಾ ಊಟದ ಸಾಲಿನಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ತಟ್ಟೆ ಹಿಡಿದುಕೊಂಡೇ ಕೇಳುತ್ತಾರೆ: "ನಮ್ಮವನಿಗೆ ಈಗ ನಾಲ್ಕು. ಈ ಸಲ ಪಂಪ್‌ಕಿನ್ ಕೆತ್ತಲೇಬೇಕು ಅಂತ ಹಟ. ಚಾಕು ಕೊಡೋಕೆ ಭಯ. ಬಣ್ಣ ಹಚ್ಚಿಸಿದ್ರೆ ಸಾಕಾ? ಅಂಗಡೀಲಿ ಐದು ಡಾಲರಿನ ಕಿಟ್ ಇದೆಯಲ್ಲ, ಅದು ತಗೊಳ್ಳೋದಾ?" ಪಕ್ಕದವರು ಕಿಟ್ ಅನ್ನುತ್ತಾರೆ, ಹಿಂದಿನವರು ಸ್ಟಿಕ್ಕರ್ ಅನ್ನುತ್ತಾರೆ, ಬಿಸಿಬೇಳೆಬಾತ್ ಬಡಿಸುವವರು "ಸುಮ್ನೆ ಪ್ಲಾಸ್ಟಿಕ್ಕಿಂದು ತಂದಿಡಿ" ಅನ್ನುತ್ತಾರೆ. ಕೇಳಿದವರು ಬಂದಾಗಿದ್ದಕ್ಕಿಂತ ಹೆಚ್ಚು ಗೊಂದಲದಲ್ಲಿ ಮನೆಗೆ ಹೋಗುತ್ತಾರೆ.

ನಮ್ಮ ಮನೆಯಲ್ಲಿ ಏಳು ವರ್ಷದ ಮಗಳು, ಮೂರೂವರೆಯ ಮಗ. ಇಲ್ಲಿ ಬರೆದಿರುವುದನ್ನೆಲ್ಲ ಒಂದೊಂದು ಅಕ್ಟೋಬರಿನಲ್ಲಿ ಮಾಡಿ ನೋಡಿದ್ದೇವೆ, ಕೆಲವನ್ನು ಕೆಡಿಸಿಯೂ ಇದ್ದೇವೆ. ಹಾಗಾಗಿ ಊಟದ ಸಾಲಿನಲ್ಲಿ ಹೇಳಿ ಮುಗಿಸಲಾಗದ್ದನ್ನು ಬರೆದೇ ಬಿಡೋಣ ಅನ್ನಿಸಿತು.

ಮೊದಲು ಅಳತೆಗೋಲು

ನಾನು ನೋಡುವುದು ಐದು ಸಂಗತಿ. ಅದರಲ್ಲಿ ಮೊದಲನೆಯದಕ್ಕೇ ಅರ್ಧ ತೂಕ.

ಮಗುವಿನ ಕೈಗೆ ಎಷ್ಟು ನಿಮಿಷದ ಕೆಲಸ ಉಳಿಯುತ್ತದೆ? ಮೂರು-ನಾಲ್ಕು ವರ್ಷದ ಮಗು ಒಂದು ಕೆಲಸಕ್ಕೆ ಹದಿನೈದು ನಿಮಿಷ ಅಂಟಿಕೊಂಡರೆ ಅದೇ ದೊಡ್ಡದು. ಆ ಹದಿನೈದು ನಿಮಿಷ ಅಪ್ಪ ಗರಗಸ ಎಳೆಯುವುದನ್ನು ನೋಡುವುದರಲ್ಲೇ ಕಳೆದರೆ ಮಗುವಿನ ಪಾಲಿಗೆ ಹಬ್ಬ ಅಲ್ಲಿಗೇ ಮುಗಿಯಿತು. ಆಮೇಲೆ ಎಷ್ಟೇ ಚಂದದ ಮುಖ ಬಂದರೂ ಅದು ಅಪ್ಪನ ಕುಂಬಳಕಾಯಿ.

ಹರಿತವಾದದ್ದು ಯಾರ ಕೈಯಲ್ಲಿರುತ್ತದೆ? ಇಲ್ಲಿನ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಇದರಲ್ಲಿ ಗೊಂದಲ ಇಟ್ಟಿಲ್ಲ: ಪುಟ್ಟ ಮಕ್ಕಳು ಕೆತ್ತಲೇಬಾರದು. ಅವರು ಮಾರ್ಕರಿನಲ್ಲಿ ಮುಖ ಬರೆಯಲಿ, ಕೊಯ್ಯುವ ಕೆಲಸ ದೊಡ್ಡವರದು. ಇಲ್ಲಿನ ಗ್ರಾಹಕ ಸುರಕ್ಷತಾ ಆಯೋಗವೂ ಹ್ಯಾಲೋವೀನ್ ಹೊತ್ತಿನ ಗಾಯಗಳ ವಿಚಾರ ಬಂದಾಗಲೆಲ್ಲ ಕುಂಬಳ ಕೆತ್ತನೆಯ ಬಗ್ಗೆ ಎಚ್ಚರಿಸುತ್ತದೆ.

ಇವತ್ತು ತಾರೀಖು ಎಷ್ಟು? ಕೊಯ್ಯದ ಕುಂಬಳಕಾಯಿ ತಂಪಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಸಿಪ್ಪೆಯೇ ಅದರ ಕಾವಲು. ಒಮ್ಮೆ ತೂತು ಬಿತ್ತೆಂದರೆ ಒಳಗಿನ ಹಸಿಗೆ ಗಾಳಿ ಹೋಗಿ ಬೂಷ್ಟು ಹಿಡಿಯಲು ಶುರು. ನಾಲ್ಕೈದು ದಿನ, ಚಳಿ ಚೆನ್ನಾಗಿದ್ದರೆ ಒಂದು ವಾರ. ಒಂದು ವರ್ಷ ಉತ್ಸಾಹ ತಡೆಯಲಾರದೆ ಅಕ್ಟೋಬರ್ 18ಕ್ಕೇ ಕೆತ್ತಿ ಮೆಟ್ಟಿಲ ಮೇಲಿಟ್ಟೆವು. ಆ ವಾರ ಬಿಸಿಲೋ ಬಿಸಿಲು. 25ರ ಬೆಳಿಗ್ಗೆ ನೋಡಿದರೆ ಬಾಯಿ ಒಳಕ್ಕೆ ಮಡಿಚಿಕೊಂಡು, ಹಲ್ಲಿನ ಸೆಟ್ ತೆಗೆದಿಟ್ಟ ನಮ್ಮ ತಾತನ ಮುಖದಂತೆಯೇ ಆಗಿತ್ತು. ನನಗೆ ನಗು, ಮಗಳಿಗೆ ಅಳು. 31ಕ್ಕೆ ಇನ್ನೊಂದು ತರಬೇಕಾಯಿತು.

ರಾತ್ರಿ ಒಳಗಿಂದ ಬೆಳಕು ಬರಲೇಬೇಕೇ? ಬೇಕೆಂದರೆ ತೂತು ಬೇಕು, ತೂತು ಬೇಕೆಂದರೆ ಯಾರಾದರೂ ಕೊಯ್ಯಬೇಕು. ಕೆಲವು ಮಕ್ಕಳಿಗೆ ಬೆಳಕೇ ಎಲ್ಲ. ಇನ್ನು ಕೆಲವರಿಗೆ ಬಣ್ಣ ಸಿಕ್ಕರೆ ಸಾಕು, ಬೆಳಕಿನ ನೆನಪೇ ಇರುವುದಿಲ್ಲ. ನಿಮ್ಮ ಮಗು ಯಾವ ಪಕ್ಷ ಅಂತ ನಿಮಗೇ ಗೊತ್ತಿರುತ್ತದೆ.

ಕೊನೆಯದು ದುಡ್ಡು ಮತ್ತು ಗಲೀಜು. ಎರಡನ್ನೂ ಒಟ್ಟಿಗೆ ಹೇಳುತ್ತಿದ್ದೇನೆ, ಯಾಕೆಂದರೆ ಇಲ್ಲಿ ಒಂದನ್ನು ಉಳಿಸಲು ಹೋದರೆ ಇನ್ನೊಂದು ಮೈಮೇಲೆ ಬರುತ್ತದೆ.

ಕಾಯಿ ಆರಿಸುವಾಗ

ಅಂಗಡಿಯ ಮುಂದೆ ದೊಡ್ಡ ರಟ್ಟಿನ ತೊಟ್ಟಿಯಲ್ಲಿ ಸುರಿದಿರುತ್ತಾರಲ್ಲ, ದೊಡ್ಡದು, ಕಡು ಕಿತ್ತಳೆ, ಗಟ್ಟಿ ತೊಟ್ಟಿನದು, ಅದು ಕೆತ್ತುವುದಕ್ಕೆಂದೇ ಬೆಳೆದದ್ದು. ಅವುಗಳಲ್ಲಿ ಬಹಳ ಹೆಸರಾದ ತಳಿ ಹೌಡನ್. ಮ್ಯಾಸಚೂಸೆಟ್ಸ್‌ನ ಜಾನ್ ಹೌಡನ್ ಎಂಬ ರೈತ ಅಭಿವೃದ್ಧಿಪಡಿಸಿದ್ದು. ಗೋಡೆ ಹೆಚ್ಚು ದಪ್ಪ ಇರುವುದಿಲ್ಲ, ತಿರುಳು ನೀರುನೀರು, ನಾರುನಾರು. ಪಕ್ಕದಲ್ಲೇ, ಪೈ ಎಂಬ ಸಿಹಿ ತಿನಿಸಿಗೆ ಬಳಸುವ, ಪುಟ್ಟ, ಗುಂಡಗಿನ ಪೈ ಪಂಪ್‌ಕಿನ್ ಇರುತ್ತದೆ. ಚಿಕ್ಕದು, ಮಗುವಿಗೆ ಸರಿ ಎಂದು ಬಹಳ ಜನ ಅದನ್ನೇ ತರುತ್ತಾರೆ. ಕೆತ್ತುವುದಾದರೆ ಇದು ತಪ್ಪು ಲೆಕ್ಕ. ಅದರ ತಿರುಳು ದಪ್ಪ ಮತ್ತು ಗಟ್ಟಿ, ಗರಗಸ ಓಡುವುದಿಲ್ಲ. ಬಣ್ಣ ಹಚ್ಚಲು ಮಾತ್ರ ಅದರಂಥದ್ದಿಲ್ಲ, ಮಗು ತೊಡೆಯ ಮೇಲಿಟ್ಟುಕೊಂಡು ತಿರುಗಿಸಬಹುದು. ಹಬ್ಬ ಮುಗಿದ ಮೇಲೆ ಅಡುಗೆಗೂ ಬರುತ್ತದೆ, ಬಣ್ಣ ಹಚ್ಚದೆ ಮನೆಯೊಳಗೇ ಇಟ್ಟಿದ್ದರೆ.

ಹೋದ ವರ್ಷ ಅತ್ತೆ ಹಾಸನದಿಂದ ಬಂದಿದ್ದರು. ಪೈ ಪಂಪ್‌ಕಿನ್ನಿನಲ್ಲಿ ಒಳ್ಳೆಯ ಪಲ್ಯ ಮಾಡಿದರು, ಮಾರನೇ ದಿನ ದೋಸೆಗೂ ಹಾಕಿದರು. ಕೆತ್ತನೆಯ ದೊಡ್ಡ ಕಾಯಿಯ ತಿರುಳನ್ನು ವ್ಯರ್ಥ ಮಾಡಲು ಮನಸ್ಸಾಗದೆ ಹುಳಿಗೆ ಹಾಕಿ ರುಚಿ ನೋಡಿ, "ಇದೇನೇ, ನೀರು ಕುಡಿದ ಹಾಗಿದೆ, ಹಸುಗೆ ಹಾಕೋದಿದು" ಅಂದರು. ಹಸು ಇರಲಿಲ್ಲ, ನಾವೇ ತಿಂದೆವು.

ಯಾವುದೇ ಇರಲಿ, ತಳ ಸಮವಾಗಿದೆಯೇ ನೋಡಿ. ಉರುಳುವ ಕಾಯಿಯ ಮೇಲೆ ಚಾಕು ಆಡಿಸುವುದು ಬೇಡವೇ ಬೇಡ. ಹೆಬ್ಬೆರಳಿನಿಂದ ಒತ್ತಿದರೆ ಎಲ್ಲೂ ಮೆತ್ತಗಿರಬಾರದು. ತೊಟ್ಟು ಹಿಡಿದು ಎತ್ತಬೇಡಿ, ಮುರಿದರೆ ಅಲ್ಲಿಂದಲೇ ಕೊಳೆಯುತ್ತದೆ. ನಮ್ಮ ಸೂಪರ್‌ಮಾರ್ಕೆಟ್ಟಿನಲ್ಲಿ ದೊಡ್ಡ ಕಾಯಿಗೆ ನಾನು ಕೊಡುವುದು ಏಳೆಂಟು ಡಾಲರ್. ತೋಟಕ್ಕೇ ಹೋಗಿ ಬಳ್ಳಿಯ ಪಕ್ಕದಿಂದ ಆರಿಸಿ ತರುವುದಾದರೆ ತೂಕದ ಮೇಲೆ ಬೆಲೆ, ಜೊತೆಗೆ ಹುಲ್ಲಿನ ಗಾಡಿಯ ಸವಾರಿ, ಸೈಡರ್ ಡೋನಟ್. ಅದು ಕಾಯಿಯ ಖರ್ಚಲ್ಲ, ಭಾನುವಾರದ ಖರ್ಚು ಅಂತ ಬರೆದುಕೊಳ್ಳಿ.

ಅಡುಗೆಮನೆಯ ಚಾಕು

ಇದನ್ನು ಮೊದಲೇ ಪಟ್ಟಿಯಿಂದ ಹೊಡೆದುಹಾಕುತ್ತೇನೆ. ಈ ಮಾತು ಎತ್ತಿದರೆ ನಮ್ಮ ಮನೆಯವರು ತಮ್ಮ ಎಡಗೈ ಹೆಬ್ಬೆರಳನ್ನು ನೋಡಿಕೊಳ್ಳುತ್ತಾರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನಮ್ಮ ಮೊದಲ ಹ್ಯಾಲೋವೀನ್. ತರಕಾರಿ ಚಾಕು ಕಾಯಿಯ ದಪ್ಪ ಭಾಗದಲ್ಲಿ ಕಚ್ಚಿಕೊಂಡಿತು. ಇವರು ಒಂದು ಕೈಯಲ್ಲಿ ಕಾಯಿ ಒತ್ತಿ ಹಿಡಿದು ಇನ್ನೊಂದರಲ್ಲಿ ಜಗ್ಗಿದರು. ಚಾಕು ಬಂತು, ಬಂದ ವೇಗದಲ್ಲೇ ಆ ಕೈಗೂ ಹೋಯಿತು. ಮೂರು ಹೊಲಿಗೆ. ಅರ್ಧ ಕೆತ್ತಿದ ಒಂದು ಕಣ್ಣಿನ ಕಾಯಿ ಆ ವರ್ಷ ಹಾಗೇ ಮೆಟ್ಟಿಲೇರಿತು.

ಆಮೇಲೆ ಓದಿದರೆ ಇದು ನಮ್ಮೊಬ್ಬರ ಕಥೆಯಲ್ಲ. ಕೈ ಶಸ್ತ್ರಚಿಕಿತ್ಸೆ ಮಾಡುವ ಇಲ್ಲಿನ ವೈದ್ಯರು ಪ್ರತಿ ಅಕ್ಟೋಬರಿನಲ್ಲೂ ಹೇಳುವುದು ಇದನ್ನೇ: ಹೆಚ್ಚು ಹರಿತ ಅಂದರೆ ಹೆಚ್ಚು ಒಳ್ಳೆಯದು ಅಂತಲ್ಲ. ಹರಿತ ಚಾಕು ದಪ್ಪ ಸಿಪ್ಪೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಬಿಡಿಸಲು ಬಲ ಹಾಕುತ್ತೇವೆ, ಕಾಯಿ ಹಿಡಿದ ಕೈ ಅದರ ದಾರಿಯಲ್ಲೇ ಇರುತ್ತದೆ. ಮಗು ಪಕ್ಕದಲ್ಲಿ ಇಣುಕುತ್ತಿದ್ದರೆ ಆ ದಾರಿಯಲ್ಲಿ ಇನ್ನೂ ಏನೇನಿರುತ್ತದೆ ಯೋಚಿಸಿ.

ಕಿಟ್ಟಿನ ಪುಟ್ಟ ಗರಗಸ

ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಿಡಿ, ಪೆನ್ಸಿಲಿನಷ್ಟೇ ಅಗಲದ ತೆಳು ಅಲಗು, ಸಣ್ಣ ಹಲ್ಲುಗಳು. ಜೊತೆಗೆ ಒಂದು ಕೆರೆಯುವ ಚಮಚ, ಚುಕ್ಕಿ ಚುಚ್ಚುವ ಒಂದು ಮೊನೆ, ಕೆಲವು ಕಾಗದದ ಮಾದರಿ. ನೋಡಿದರೆ ಆಟಿಕೆ, ಆದರೆ ಕೆಲಸಕ್ಕೆ ಇದೇ ಸರಿ. ತಳ್ಳಿ ಕೊಯ್ಯುವುದಿಲ್ಲ, ಹಿಂದೆ-ಮುಂದೆ ಆಡಿಸಿ ಕೊಯ್ಯುವುದು, ಹಾಗಾಗಿ ಬಲ ಬೇಡ. ಅಲಗು ತೆಳುವಾಗಿರುವುದರಿಂದ ತಿರುವಿನಲ್ಲಿ ಸಿಕ್ಕಿಕೊಳ್ಳುವುದೂ ಕಡಿಮೆ. ಅತಿಯಾಗಿ ಒತ್ತಿದರೆ ಅಲಗೇ ಬಾಗುತ್ತದೆ, ಮುರಿಯಲೂಬಹುದು. ಮುರಿದರೆ ಐದು ಡಾಲರ್ ಹೋಯಿತು, ಬೆರಳು ಉಳಿಯಿತು.

ಆದರೂ ಗರಗಸ ಗರಗಸವೇ. "ಮಕ್ಕಳಿಗೆ ಸುರಕ್ಷಿತ" ಎಂದು ಡಬ್ಬಿಯ ಮೇಲೆ ಬರೆದಿದ್ದರೂ ನಾನು ಮೂರೂವರೆಯವನ ಕೈಗಂತೂ ಇಲ್ಲ, ಏಳು ವರ್ಷದವಳ ಕೈಗೂ ಇನ್ನೂ ಕೊಟ್ಟಿಲ್ಲ. ಇದರಿಂದ ಮೊದಲ ಅಳತೆಗೋಲಿನಲ್ಲಿ ಕಿಟ್ ಸೋಲಬೇಕು. ಸೋಲದಂತೆ ಮಾಡುವ ಉಪಾಯವೇನೆಂದರೆ, ಕೊಯ್ಯುವುದನ್ನು ಬಿಟ್ಟು ಉಳಿದೆಲ್ಲವನ್ನೂ ಮಗುವಿಗೆ ಕೊಡುವುದು. ಉಳಿದದ್ದು ಬೇಕಾದಷ್ಟಿದೆ.

ಮುಖ ಮಗು ಬರೆಯಲಿ. ನೀರಿನಲ್ಲಿ ಅಳಿಸುವ ಮಾರ್ಕರ್ ಕೊಡಿ, ಹತ್ತು ಸಲ ಬರೆದು ಒರೆಸಲಿ. ಕಣ್ಣು ಒಂದು ಮೇಲೆ ಒಂದು ಕೆಳಗೆ ಬಂದರೆ ತಿದ್ದಲು ಹೋಗಬೇಡಿ. ನೀವು ಆ ಗೆರೆಯ ಮೇಲೆಯೇ ಕೊಯ್ಯಿರಿ, ಆದರೆ ಬಾಯಿಯ ಹಲ್ಲು ಮಾತ್ರ ದಪ್ಪ ಇರಲಿ ಎಂದು ಮೊದಲೇ ಹೇಳಿಡಿ, ತೆಳು ಹಲ್ಲು ಮುರಿದು ಬೀಳುತ್ತದೆ. ಮುಚ್ಚಳವನ್ನು ಮೇಲಿಂದ ತೆಗೆಯುವುದಾದರೆ ಗರಗಸವನ್ನು ಒಳಮುಖವಾಗಿ ಓರೆ ಹಿಡಿಯಿರಿ. ನೇರ ಕೊಯ್ದರೆ ಮುಚ್ಚಳ ಹೊಟ್ಟೆಯೊಳಕ್ಕೆ ಜಾರುತ್ತದೆ. ನಾನೀಗ ಮೇಲೆ ಕೊಯ್ಯುವುದನ್ನೇ ಬಿಟ್ಟಿದ್ದೇನೆ. ತಳದಲ್ಲಿ ತೂತು ಮಾಡಿದರೆ ದೀಪವನ್ನು ನೆಲದ ಮೇಲಿಟ್ಟು ಕಾಯಿಯನ್ನು ಅದರ ಮೇಲೆ ಬೋರಲು ಹಾಕಿದಂತೆ ಕೂರಿಸಬಹುದು, ತೊಟ್ಟೂ ಚಂದವಾಗಿ ಉಳಿಯುತ್ತದೆ.

ಆಮೇಲೆ ತಿರುಳು. ಹಳೆಯ ಬೆಡ್‌ಶೀಟ್ ಹಾಸಿ, ಒಬ್ಬೊಬ್ಬರಿಗೆ ಒಂದೊಂದು ಐಸ್‌ಕ್ರೀಂ ಚಮಚ. ಮಗಳಿಗೆ ಆ ಲೋಳೆ ಕಂಡರೆ ಆಗದು, ಮೂಗು ಮುರಿದು ಚಮಚದಲ್ಲೇ ಕೆರೆಯುತ್ತಾಳೆ. ಮಗ ಮೊಣಕೈವರೆಗೆ ಕೈ ಹಾಕಿ, ಬೆರಳಿಗೆ ಸುತ್ತಿಕೊಂಡ ನಾರನ್ನು ಎತ್ತಿ ಹಿಡಿದು "ಶಾವಿಗೆ! ಶಾವಿಗೆ!" ಎಂದು ಕೂಗಿದ. ಅಲ್ಲಿಗೇ ಇಪ್ಪತ್ತು ನಿಮಿಷ. ಮುಖ ಬರುವ ಕಡೆಯ ಗೋಡೆಯನ್ನು ಒಂದಿಂಚಿನಷ್ಟು ಉಳಿಯುವಂತೆ ಕೆರೆಸಿ, ಕೊಯ್ಯುವುದು ಅರ್ಧಕ್ಕರ್ಧ ಹಗುರ.

ಇನ್ನೊಂದು ಕೆಲಸ ಅವರಿಗೇ ಮೀಸಲು. ನೀವು ಕಣ್ಣಿನ ಸುತ್ತ ಪೂರ್ತಿ ಕೊಯ್ದು, ಆ ತುಂಡನ್ನು ಅಲ್ಲೇ ಬಿಟ್ಟು, ಗರಗಸ ದೂರ ಇಡಿ. ಮಗು ಹೆಬ್ಬೆರಳಿನಿಂದ ಒತ್ತಬೇಕು. ಮೊದಲು ಅಲ್ಲಾಡುವುದಿಲ್ಲ, ಆಮೇಲೆ ಒಂದು ಮೂಲೆ ಒಳಕ್ಕೆ ಸರಿಯುತ್ತದೆ, ಆಮೇಲೆ ಟಪ್. ನಮ್ಮವಳು ಮೊದಲ ಸಲ ಬಗ್ಗಿ ನೋಡಿ, "ಅಮ್ಮಾ, ಅದರ ಕಣ್ಣು ಅದರ ಹೊಟ್ಟೆಗೇ ಬಿತ್ತು" ಅಂದಳು. ಕೆತ್ತಿದ್ದು ಯಾರು ಅಂತ ಇವತ್ತಿಗೂ ಅವಳನ್ನು ಕೇಳಿ ನೋಡಿ, "ನಾನು" ಅನ್ನುತ್ತಾಳೆ.

ಬೀಜ ಎಸೆಯಬೇಡಿ. ತೊಳೆದು, ಬಟ್ಟೆಯ ಮೇಲೆ ಚೆನ್ನಾಗಿ ಒಣಗಿಸಿ, ಒಂದು ಚಮಚ ಎಣ್ಣೆ, ಉಪ್ಪು, ಅಚ್ಚಖಾರದ ಪುಡಿ, ಚಿಟಿಕೆ ಇಂಗು ಸವರಿ ಓವನ್ನಿನಲ್ಲಿ 325 ಡಿಗ್ರಿ ಫ್ಯಾರನ್‌ಹೀಟ್‌ಗೆ ಹದಿನೈದಿಪ್ಪತ್ತು ನಿಮಿಷ. ನಡುವೆ ಒಮ್ಮೆ ಕೈಯಾಡಿಸಿ. ಸಿಪ್ಪೆಯ ಸಮೇತ ಕುರುಕಬಹುದು, ದೊಡ್ಡವರು ಮತ್ತು ಚೆನ್ನಾಗಿ ಅಗಿಯಬಲ್ಲ ಮಕ್ಕಳು ಮಾತ್ರ.

ಸುತ್ತಿಗೆಯ ದಾರಿ

ನಿಮ್ಮ ಮಗು ಎರಡೂವರೆಯಿಂದ ಐದರೊಳಗಿದ್ದರೆ ನನ್ನ ಮತ ಇದಕ್ಕೆ.

ಗಾಲ್ಫ್ ಆಟದಲ್ಲಿ ಚೆಂಡು ಕೂರಿಸುವ ಮರದ ಗೂಟಗಳಿರುತ್ತವಲ್ಲ, ಗಾಲ್ಫ್ ಟೀ, ಅವನ್ನು ಮರದ ಕೊಡತಿಯಿಂದ ಇಡೀ ಕಾಯಿಗೆ ಹೊಡೆಯುವುದು. ಇಷ್ಟೇ. ಇಲ್ಲಿನ ಪ್ರೀಸ್ಕೂಲುಗಳಲ್ಲಿ ಇದು ಮಾಮೂಲಿ ಆಟ. ನೀವು ಮೊದಲೇ ಸ್ಕ್ರೂಡ್ರೈವರಿನಲ್ಲಿ ಅಲ್ಲಲ್ಲಿ ಸಣ್ಣ ತೂತು ಮಾಡಿಟ್ಟರೆ ಟೀಯನ್ನು ಅಲ್ಲಿ ನಿಲ್ಲಿಸಿ ಕೈ ತೆಗೆಯಬಹುದು, ಆಮೇಲೆ ಹೊಡೆತ. ಕಾಯಿಯ ಕೆಳಗೆ ದಪ್ಪ ಟವೆಲ್ಲು ಇಡಿ. ಮನೆಯಲ್ಲಿ ಇನ್ನೂ ಸಣ್ಣ ಕೂಸಿದ್ದರೆ ಟೀಗಳನ್ನು ಎಣಿಸಿ ಕೊಟ್ಟು ಎಣಿಸಿ ವಾಪಸ್ ತೆಗೆದುಕೊಳ್ಳಿ, ಬಾಯಿಗೆ ಹಾಕಿಕೊಳ್ಳುವ ಅಳತೆ ಅದು. ಮಗ ಎರಡೂವರೆಯಲ್ಲಿ ಇದನ್ನು ಮುಕ್ಕಾಲು ಗಂಟೆ ಮಾಡಿದ. ಮುಕ್ಕಾಲು ಗಂಟೆ! ನಾನು ಪಾತ್ರೆ ತೊಳೆದು ಮುಗಿಸಿ, ಕೂತು ಕಾಫಿ ಕುಡಿದೆ.

ಬೆಳಕು ಬೇಕೆಂದರೆ ಇದರ ಮುಂದಿನ ಮೆಟ್ಟಿಲು ಲೋಹದ ಕುಕೀ ಅಚ್ಚು. ನಕ್ಷತ್ರ, ಚಂದ್ರ, ಎಲೆ, ಎರಡು ಇಂಚಿನೊಳಗಿನವು. ಪ್ಲಾಸ್ಟಿಕ್ಕಿನವು ಒಡೆಯುತ್ತವೆ, ತೆಳು ತಗಡಿನವು ಮಡಿಚಿಕೊಳ್ಳುತ್ತವೆ, ಸ್ಟೀಲಿನವೇ ಬೇಕು. ತಿರುಳು ತೆಗೆದು ಗೋಡೆಯನ್ನು ಒಂದಿಂಚಿಗೆ ಇಳಿಸಿದ ಮೇಲೆ ಅಚ್ಚನ್ನು ಇಟ್ಟು ಮೊದಲ ಎರಡು ಏಟು ನೀವು ಹಾಕಿ. ಅದು ತಾನಾಗಿ ನಿಂತುಕೊಳ್ಳಬೇಕು, ಮಗು ಹೊಡೆಯುವಾಗ ಯಾರ ಬೆರಳೂ ಅಲ್ಲಿರಬಾರದು. ಪೂರ್ತಿ ಒಳಹೋದ ಅಚ್ಚನ್ನು ಇಕ್ಕಳದಿಂದ ಎಳೆಯುವುದು ನಿಮ್ಮ ಕೆಲಸ. ನಾಲ್ಕು ವರ್ಷದ ಮಗು ಚಾಕುವಿನ ಹತ್ತಿರವೂ ಹೋಗದೆ ನಿಜವಾದ ತೂತು ಮಾಡುವ ದಾರಿ ನನಗೆ ತಿಳಿದಂತೆ ಇದೊಂದೇ.

ಕೊರತೆ ಏನು? ಸದ್ದು. ಅಪಾರ್ಟ್‌ಮೆಂಟಿನ ಮೇಲಂತಸ್ತಿನಲ್ಲಿದ್ದರೆ ಕೆಳಗಿನವರು ಬಾಗಿಲು ಬಡಿಯುತ್ತಾರೆ. ಹಗಲಲ್ಲಿ, ಸಾಧ್ಯವಾದರೆ ಹೊರಗಡೆ ಮಾಡಿ. ಖರ್ಚು ಟೀಗೆ ನಾಲ್ಕೈದು ಡಾಲರ್, ಅಚ್ಚಿಗೆ ಹತ್ತರ ಆಸುಪಾಸು, ಆದರೆ ಎರಡೂ ವರ್ಷ ವರ್ಷ ಬರುತ್ತವೆ. ತೂತು ಬಿದ್ದದ್ದರಿಂದ ಟೀ ಹೊಡೆದ ಕಾಯಿಯೂ ವಾರದೊಳಗೆ ಮೆತ್ತಗಾಗುತ್ತದೆ, ಅಷ್ಟು ಲೆಕ್ಕ ಇರಲಿ.

ಡ್ರಿಲ್ ಮತ್ತು ಚುಕ್ಕಿ ರಂಗೋಲಿ

ಮನೆಯಲ್ಲಿ ಬ್ಯಾಟರಿ ಡ್ರಿಲ್ ಇದ್ದರೆ ಇದನ್ನು ಬಿಡಬೇಡಿ. ಮುಖದ ಗೊಡವೆಯೇ ಬೇಡ, ತೂತುಗಳಷ್ಟೇ. ಹೋದ ವರ್ಷ ಅತ್ತೆ ಮತ್ತು ಮಗಳು ಕೂತು ಕಾಯಿಯ ಮೇಲೆ ಮಾರ್ಕರಿನಲ್ಲಿ ಐದು ಚುಕ್ಕಿ ಐದು ಸಾಲಿನ ರಂಗೋಲಿ ಇಟ್ಟರು. ದುಂಡನೆಯ ಮೈಮೇಲೆ ಸಾಲು ನೇರ ಬರಲಿಲ್ಲ, ಇಬ್ಬರಿಗೂ ಜಗಳವೇ ಆಯಿತು. "ಅಜ್ಜಿ, ನಿಮ್ದು ಸೊಟ್ಟ" "ಕಾಯೇ ಸೊಟ್ಟ ಕಣೇ." ಪ್ರತಿ ಚುಕ್ಕಿಗೂ ನಮ್ಮ ಮನೆಯವರು ಡ್ರಿಲ್ ಹಾಕಿದರು, ದೊಡ್ಡ ಚುಕ್ಕಿಗೆ ದೊಡ್ಡ ಮೊನೆ, ಚಿಕ್ಕದಕ್ಕೆ ಚಿಕ್ಕದು. ರಾತ್ರಿ ಒಳಗೆ ದೀಪ ಇಟ್ಟು ಹೊರಗಿನ ಲೈಟ್ ಆರಿಸಿದಾಗ ಬಂದ ಮಕ್ಕಳೆಲ್ಲ ಮಿಠಾಯಿ ಬಿಟ್ಟು ಅದನ್ನೇ ನೋಡುತ್ತಿದ್ದರು.

ಮಗುವಿನ ಕೈಗೆ ಇಲ್ಲಿ ಉಳಿಯುವುದು ಚುಕ್ಕಿ ಇಡುವುದು ಮತ್ತು ತಿರುಳು ಕೆರೆಯುವುದು. ಆರು-ಏಳು ವರ್ಷದವರಿಗೆ ಅದು ಧಾರಾಳ, ಮೂರರವರಿಗೆ ಸಾಲದು. ಡ್ರಿಲ್ಲಿನ ಸದ್ದಿಗೆ ಹೆದರುವ ಮಕ್ಕಳೂ ಇದ್ದಾರೆ. ತಿರುಗುವಾಗ ತಿರುಳು ಹಾರುತ್ತದೆ, ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿ.

ಅಂದಹಾಗೆ, ಅತ್ತೆ ಇದಕ್ಕೆ ಕೈಜೋಡಿಸಿದ್ದು ಸುಲಭಕ್ಕಲ್ಲ. ನಾನು ಗರಗಸ ಎತ್ತಿದ್ದೇ ತಡ, "ಇಡೀ ಕುಂಬಳಕಾಯಿಗೆ ಹೆಂಗಸರು ಕತ್ತಿ ಹಾಕಬಾರದು, ಅವನಿಗೆ ಹೇಳು" ಅಂದರು. "ಅದು ಬೂದುಗುಂಬಳಕ್ಕೆ ಅಲ್ವಾ ಅತ್ತೆ?" ಅಂದೆ. "ಕುಂಬಳ ಕುಂಬಳಾನೇ." ಆಯುಧಪೂಜೆಯ ದಿನ ಕಾರಿನ ಮುಂದೆ ಬೂದುಗುಂಬಳ ಒಡೆದು, ಮೂರು ವಾರ ಕಳೆದು ಇನ್ನೊಂದು ಕುಂಬಳಕ್ಕೆ ಕಣ್ಣು-ಮೂಗು ಕೊರೆಯುವುದು ಅವರಿಗೆ ವಿಚಿತ್ರವಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಐರ್ಲೆಂಡಿನವರು ಮೊದಲು ಟರ್ನಿಪ್ ಗಡ್ಡೆ ಕೊರೆಯುತ್ತಿದ್ದರು, ಅಮೆರಿಕಕ್ಕೆ ವಲಸೆ ಬಂದ ಮೇಲೆ ದೊಡ್ಡದಾಗಿ, ಮೆತ್ತಗೆ ಸಿಕ್ಕಿದ ಕುಂಬಳಕಾಯಿ ಹಿಡಿದರು, ದೆವ್ವ ದೂರ ಇರಲಿ ಅಂತ ಬಾಗಿಲಲ್ಲಿ ಇಡುತ್ತಿದ್ದರು ಎಂದು ಹೇಳಿದೆ. "ಹಾಗೆ ಹೇಳು, ದೃಷ್ಟಿಬೊಂಬೆ" ಅಂದರು. ಮೊದಲ ಕೊಯ್ತ ಅವರ ಮಗನಿಂದ, ಅಂದರೆ ನಮ್ಮ ಮನೆಯವರಿಂದ, ಮಾಡಿಸಿದ ಮೇಲೆ ಅವರದೇನೂ ತಕರಾರಿರಲಿಲ್ಲ.

ಬಣ್ಣ

ಗಾಯದ ಭಯ ಶೂನ್ಯ, ಮಗುವಿನ ಕೈಗೆ ನೂರಕ್ಕೆ ನೂರು ಕೆಲಸ, ಅಕ್ಟೋಬರ್ ಮೊದಲ ವಾರದಲ್ಲೇ ಮಾಡಿಟ್ಟರೂ ತಿಂಗಳ ಕೊನೆಗೆ ಗಟ್ಟಿ ಇರುತ್ತದೆ. ಇಷ್ಟೆಲ್ಲ ಇದ್ದೂ ನಾನು ಇದನ್ನು ಮೊದಲ ಸ್ಥಾನಕ್ಕೆ ಏರಿಸದಿರಲು ಕಾರಣ ಬೆಳಕಿಲ್ಲ ಅನ್ನುವುದೊಂದೇ. ಎರಡರಿಂದ ಮೂರರ ಮಕ್ಕಳಿಗೆ, ಬೇರೆ ಯೋಚನೆಯೇ ಬೇಡ, ಇದೇ.

ಒಂದು ಎಚ್ಚರ: ಮಕ್ಕಳ ಬಟ್ಟೆಯಿಂದ ಸುಲಭವಾಗಿ ಹೋಗುವ ಬಣ್ಣ ಕುಂಬಳದ ಮೈಯಿಂದಲೂ ಅಷ್ಟೇ ಸುಲಭವಾಗಿ ಹೋಗುತ್ತದೆ. ಸಿಪ್ಪೆ ಮೇಣ ಸವರಿದಂತೆ ನುಣುಪು, ಬಣ್ಣ ಹಿಡಿಯುವುದಿಲ್ಲ. ನಮ್ಮ ಮೊದಲ ಬಣ್ಣದ ಕಾಯಿ ಒಂದೇ ಮಳೆಗೆ ನೇರಳೆ ಕಣ್ಣೀರು ಸುರಿಸಿ ಮೆಟ್ಟಿಲಿಗೂ ಕಲೆ ಮಾಡಿತು. ಹೊರಗಿಡುವುದಾದರೆ ಅಕ್ರಿಲಿಕ್ ತನ್ನಿ, ಮೊದಲು ಸೋಪು ನೀರಿನಲ್ಲಿ ಒರೆಸಿ ಒಣಗಿಸಿ, ಮಗುವಿಗೆ ಅಪ್ಪನ ಹಳೆ ಟೀ ಶರ್ಟ್ ತೊಡಿಸಿ. ಒಳಗಿಡುವುದಾದರೆ ಯಾವ ಬಣ್ಣವಾದರೂ ಸರಿ.

ಅಲರ್ಜಿ ಇರುವ ಮಕ್ಕಳಿಗಾಗಿ ತಿನ್ನುವ ವಸ್ತುವಿನ ಬದಲು ಪೆನ್ಸಿಲ್, ಸ್ಟಿಕ್ಕರ್ ಇಟ್ಟಿರುವ ಮನೆಯವರು ಬಾಗಿಲಲ್ಲಿ ಹಸಿರು-ನೀಲಿ ಬೆರೆತ ಬಣ್ಣದ ಕುಂಬಳಕಾಯಿ ಇಡುತ್ತಾರೆ. 2014ರಿಂದ ದೇಶದುದ್ದಕ್ಕೂ ನಡೆದು ಬಂದ ಟೀಲ್ ಪಂಪ್‌ಕಿನ್ ಪದ್ಧತಿ. ಕಡಲೆಕಾಯಿ ಅಲರ್ಜಿಯ ಮಕ್ಕಳು ನಮ್ಮವರಲ್ಲೂ ಇದ್ದಾರೆ. ಹೇಗೂ ಬಣ್ಣ ಹಚ್ಚುತ್ತೀರಿ, ಒಂದಕ್ಕೆ ಈ ಬಣ್ಣವೇ ಆಗಲಿ.

ಸ್ಟಿಕ್ಕರ್, ಕಾಯಿಗೆ ಚುಚ್ಚುವ ಪ್ಲಾಸ್ಟಿಕ್ ಮೂಗು-ಕಿವಿಯ ಸೆಟ್ಟುಗಳ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಐದು ನಿಮಿಷದ ಆಟ. ಕೆಲಸದ ದಿನ ಸಂಜೆ ಆರಕ್ಕೆ ನೆನಪಾದರೆ ಪರವಾಗಿಲ್ಲ.

ಕೃತಕ ಫೋಮ್ ಕಾಯಿ

ಕರಕುಶಲ ಸಾಮಾನಿನ ಅಂಗಡಿಗಳಲ್ಲಿ ಹತ್ತರಿಂದ ಇಪ್ಪತ್ತು ಡಾಲರಿಗೆ ಸಿಗುತ್ತದೆ. ಕೊಳೆಯುವುದಿಲ್ಲ, ಅಳಿಲು ತಿನ್ನುವುದಿಲ್ಲ, ಗಲೀಜಿಲ್ಲ, ಮಗಳ ಎರಡನೇ ವರ್ಷದ ಕೈಗುರುತನ್ನು ಹತ್ತು ವರ್ಷ ಇಟ್ಟುಕೊಳ್ಳಬಹುದು. ನೆನಪಿಗೆಂದು ಬಣ್ಣ ಹಚ್ಚಿಸಿ ಇಟ್ಟುಕೊಳ್ಳುವುದಾದರೆ ಒಳ್ಳೆಯ ಆಯ್ಕೆ. ಕೆತ್ತುವುದಾದರೆ ನನಗೆ ಇಷ್ಟವಾಗಲಿಲ್ಲ. ಕೊಯ್ದಾಗ ಸಣ್ಣ ಧೂಳು ಏಳುತ್ತದೆ, ಮಕ್ಕಳ ಹತ್ತಿರ ಅದು ಬೇಡ. ಒಳಗೆ ಬೀಜವಿಲ್ಲ, ಶಾವಿಗೆಯಿಲ್ಲ, ಅಂದರೆ ಮಗುವಿನ ಪಾಲಿನ ಇಪ್ಪತ್ತು ನಿಮಿಷವೇ ಮಾಯ. ಇದರೊಳಗೆ ಬೆಂಕಿಯ ದೀಪ ಯಾವ ಕಾರಣಕ್ಕೂ ಇಡಬೇಡಿ.

ದೀಪ ಯಾವುದು?

2024ರಲ್ಲಿ ನರಕ ಚತುರ್ದಶಿಯೂ ಹ್ಯಾಲೋವೀನೂ ಅಕ್ಟೋಬರ್ 31ಕ್ಕೇ ಬಂದಿದ್ದವು. ಬೆಳಿಗ್ಗೆ ಎಣ್ಣೆ ಸ್ನಾನ, ಸಂಜೆ ಬ್ಯಾಟ್‌ಮ್ಯಾನ್. ಬಾಗಿಲಲ್ಲಿ ಹಣತೆ, ಪಕ್ಕದಲ್ಲಿ ಕುಂಬಳಕಾಯಿ, ನಡುವೆ ಉದ್ದ ಮೇಲುಹೊದಿಕೆ ಎಳೆದುಕೊಂಡು ಓಡಾಡುವ ಮಕ್ಕಳು. ಎದೆ ಢವಗುಟ್ಟಿ ಹಣತೆಗಳನ್ನೆಲ್ಲ ಕಿಟಕಿಯ ಮೇಲಿನ ಕಟ್ಟೆಗೆ ಏರಿಸಿದೆ. ಕುಂಬಳದೊಳಗೆ ಮೇಣದ ಬತ್ತಿ ಇಡುವುದನ್ನು ಮಕ್ಕಳು ಹುಟ್ಟಿದ ಮೇಲೆ ನಿಲ್ಲಿಸಿದ್ದೇವೆ. ಬ್ಯಾಟರಿ ದೀಪ, ಇಲ್ಲವೇ ಮುರಿದರೆ ಹೊಳೆಯುವ ಗ್ಲೋ ಸ್ಟಿಕ್ ಸಾಕು.

ಬ್ಯಾಟರಿ ದೀಪದಲ್ಲೂ ಒಂದು ಕಣ್ಣಿಡಿ. ಪುಟ್ಟ ದೀಪಗಳಲ್ಲಿ ಹೆಚ್ಚಾಗಿ ಗುಂಡಿಯಂಥ ನಾಣ್ಯ ಬ್ಯಾಟರಿ ಇರುತ್ತದೆ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು, ನುಂಗಿದೆ ಎಂಬ ಅನುಮಾನ ಬಂದರೂ ಕಾಯದೆ ತುರ್ತು ಚಿಕಿತ್ಸೆಗೆ ಓಡಬೇಕು. 2022ರ ರೀಸ್ ಕಾಯ್ದೆ ಬಂದ ಮೇಲೆ ಹೊಸ ದೀಪಗಳ ಬ್ಯಾಟರಿ ಮುಚ್ಚಳ ಮಗುವಿನ ಕೈಗೆ ತೆಗೆಯಲಾಗದಂತೆ ಇರಬೇಕು. ಹಳೆಯ ಡಬ್ಬಿಯಲ್ಲಿ ಬಿದ್ದಿರುವ, ಉಗುರಲ್ಲಿ ತೆಗೆಯಬಹುದಾದ ದೀಪಗಳನ್ನು ಎಸೆದುಬಿಡಿ.

ಹಾಗಾದರೆ ನಿಮ್ಮ ಮನೆಗೆ?

ಒಂದೇ ಮಗು, ಮೂರರೊಳಗೆ: ಪುಟ್ಟ ಪೈ ಪಂಪ್‌ಕಿನ್, ಬಣ್ಣ, ಬೇಕಿದ್ದರೆ ಗಾಲ್ಫ್ ಟೀ. ಒಟ್ಟು ಹತ್ತು ಡಾಲರ್ ದಾಟದು. ನಾಲ್ಕೈದು ವರ್ಷ, ಬೆಳಕು ಬೇಕೇ ಬೇಕು ಅನ್ನುವವರು: ದೊಡ್ಡ ಕಾಯಿ, ಕುಕೀ ಅಚ್ಚು, ಕೊಡತಿ, 28 ಅಥವಾ 29ನೇ ತಾರೀಖು. ಆರರಿಂದ ಎಂಟು: ಮುಖ ಅವರು ಬರೆದು ಗರಗಸ ನೀವು ಹಿಡಿಯುವ ಕಿಟ್, ಇಲ್ಲವೇ ರಂಗೋಲಿಯ ಡ್ರಿಲ್.

ನಮ್ಮ ಹಾಗೆ ದೊಡ್ಡದೊಂದು ಚಿಕ್ಕದೊಂದು ಇದ್ದರೆ ಒಂದೇ ಕಾಯಿಯಲ್ಲಿ ಇಬ್ಬರನ್ನೂ ಸಮಾಧಾನ ಮಾಡಲು ಹೋಗಬೇಡಿ. ನಾನು ಒಮ್ಮೆ ಹೋಗಿದ್ದೆ. ತಮ್ಮ ಸುತ್ತಿಗೆ ಎತ್ತಿದ, ಅಕ್ಕನ ಕಾಯಿಯ ಹಲ್ಲು ಉದುರಿತು, ಆಮೇಲೆ ಅವನ ಹಲ್ಲಿಗೆ ಸಂಚಕಾರ ಬಂತು. ಎರಡು ಕಾಯಿ ತನ್ನಿ. ತಾತ್ಸಾರಕ್ಕೆ ಎಡೆಯಾಗದಂತೆ ಇಬ್ಬರದೂ ಒಂದೇ ಗಾತ್ರದ್ದಿರಲಿ.

ಅಜ್ಜ-ಅಜ್ಜಿ ಊರಿಂದ ಬಂದಿರುವ ವರ್ಷವಾದರೆ ಡ್ರಿಲ್. ಮನೆಯಲ್ಲಿ ಡ್ರಿಲ್ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಕೇಳಿ, ಇಲ್ಲಿ ಗೆಳೆತನ ಶುರುವಾಗುವುದೇ ಹಾಗೆ.

ಕೆತ್ತಿದ ಕಾಯಿ ನಾಲ್ಕು ದಿನವಾದರೂ ಇರಲಿ ಅಂದರೆ ಕೊಯ್ದ ಅಂಚಿಗೆ ವ್ಯಾಸಲಿನ್ ಸವರಿ, ಹಗಲು ನೆರಳಲ್ಲಿಡಿ, ಹಿಮ ಬೀಳುವ ರಾತ್ರಿ ಒಳಗೆ ತನ್ನಿ. ಬ್ಲೀಚ್ ನೀರಿನಲ್ಲಿ ಅದ್ದಿ ಅನ್ನುವವರಿದ್ದಾರೆ. ಮಕ್ಕಳು ಮುಟ್ಟುವ, ಅಳಿಲು ಕಚ್ಚುವ ವಸ್ತುವಿಗೆ ನಾನು ಹಾಕುವುದಿಲ್ಲ. ಹಬ್ಬ ಮುಗಿದ ಮೇಲೆ ಬಣ್ಣ ಇಲ್ಲದ್ದು ಗೊಬ್ಬರಕ್ಕೆ ಹೋಗುತ್ತದೆ, ಬಣ್ಣದ್ದು ಕಸಕ್ಕೆ. ಮೆಟ್ಟಿಲ ಮೇಲೆ ದಿನಗಟ್ಟಲೆ ಕೂತಿದ್ದನ್ನು ಅಡುಗೆಗೆ ಬಳಸಬೇಡಿ, ಅತ್ತೆ ಎಷ್ಟೇ ಆಸೆಗಣ್ಣಿನಿಂದ ನೋಡಿದರೂ.

ಕಿಟ್ಟು, ಅಚ್ಚು, ಬ್ಯಾಟರಿ ದೀಪಗಳನ್ನು ಮುಂದಿನ ವರ್ಷಕ್ಕೆ ನವೆಂಬರ್ 1ರ ಬೆಳಿಗ್ಗೆ ಹೋಗಿ ತನ್ನಿ, ಅರ್ಧ ಬೆಲೆಗೆ ಸುರಿದಿರುತ್ತಾರೆ. ನಮ್ಮದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ, ಅಲಗಿಗೆ ರಟ್ಟು ಸುತ್ತಿ, ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಹಬ್ಬದ ದೊಡ್ಡ ಬಾಣಲೆಯ ಹಿಂದೆ ಇದೆ. ಗಾಲ್ಫ್ ಟೀ ಮಾತ್ರ ಪ್ರತಿ ವರ್ಷ ಎರಡು ಕಡಿಮೆ ಇರುತ್ತವೆ.